ಬೆನ್ನಿಗೆ ಕಣ್ಣಿದ್ದ ಪಾತರಗಿತ್ತಿ

ಆಯಿ ಸತ್ತ ಮೇಲೂ ಸುಗ್ಗಿ ಬರುವ ತನಕ ನಮ್ಮ ಮನೆಯಲ್ಲಿ ಅವಳದೇ ಮಾತು ನಡೆಯಿತು. ಓದಿದವರು ನಕ್ಕರೆ ನನಗೆ ಬೇಜಾರಿಲ್ಲ; ಮೂವತ್ತು ವರ್ಷಕ್ಕೂ ಮಿಕ್ಕಿ ನಾನೂ ನಕ್ಕವಳೇ. ಆಯಿ ಎಂದರೆ ನಮ್ಮಪ್ಪನ ತಾಯಿ. ಆಳಂದದಿಂದ ಗಡಿಯ ಕಡೆ ಬರುವ ಬಸ್ಸು ನಮ್ಮೂರ ಅಗಸಿ ಬಾಗಿಲ ಮುಂದೆ ನಿಂತು ಹೊರಳುತ್ತಿತ್ತು, ಅಲ್ಲಿಂದ ಮುಂದೆ ದಾರಿ ಇರಲಿಲ್ಲ. ಅಗಸಿಯಿಂದ ಮೂರನೆಯ ಮನೆ ನಮ್ಮದು: ಕಪ್ಪು ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮುಂದಿನ ಅಂಕಣದಲ್ಲಿ ದನ, ಹಿಂದಿನ ಅಂಕಣದಲ್ಲಿ ನಾವು. ಕಿಟಕಿ ಎಂಬುದು ಆ ಮನೆಗೆ ಗೊತ್ತಿರಲಿಲ್ಲ. ಮಾಳಿಗೆಯಲ್ಲಿ ಕೊರೆದ ಒಂದು ಬೆಳಕಿಂಡಿಯಿಂದ ಬಿಸಿಲು ನಡುಮನೆಗೆ ಇಳಿದು, ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತ, ಮಧ್ಯಾಹ್ನಕ್ಕೆ ಆಯಿಯ ಹೊರಸಿನ ಕಾಲು ಮುಟ್ಟುತ್ತಿತ್ತು. ಆ ಹೊರಸಿನ ಮಗ್ಗುಲಲ್ಲೇ ನೆಲದಡಿ ಹಗೇವು. ಬಾವಿಯಂತೆ ನೆಲ ತೋಡಿ ಜೋಳ ತುಂಬಿಡುವ ಕಣಜ ಅದು. ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ನಡುಮನೆಯಲ್ಲಿ ಓಡಾಡಿದರೆ ಅಲ್ಲಿ ಮಾತ್ರ ಹೆಜ್ಜೆಯ ಸಪ್ಪಳ ಪೊಳ್ಳಾಗಿ ಬರುತ್ತಿತ್ತು. ಕೆಳಗೂ ಯಾರೋ ನಮ್ಮ ಜೊತೆ ನಡೆಯುತ್ತಾರೆ ಎಂದು ನನಗೆ ಅನಿಸುತ್ತಿತ್ತು, ಆ ಜಾಗ ಬಂದರೆ ಜಿಗಿದು ದಾಟುತ್ತಿದ್ದೆ. ಆಯಿ ಗೋಡೆಗೆ ಮುಖ ಮಾಡಿ ಮಲಗಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು.

“ಜಿಗೀಬ್ಯಾಡ ಬೇ ಕಮಲಿ. ನನಗ ಬೆನ್ನಾಗೂ ಕಣ್ಣು ಅದಾವ.”

ಊಟದ ಹೊತ್ತಿಗೆ ಅವಳು ಅಡುಗೆ ಮನೆಯ ಹೊಸ್ತಿಲ ಮೇಲೆ ಬಂದು ಕೂಡುತ್ತಿದ್ದಳು. ಹೆಂಚಿನಿಂದ ಇಳಿದ ಮೊದಲ ರೊಟ್ಟಿ ಅವಳ ಕೈಗೆ ಹೋಗಬೇಕು, ಅವಳು ಅದನ್ನು ಮುರಿಯಬೇಕು, ಆ ಮೇಲೆ ಉಳಿದವರ ತಾಟು. ಮುರಿಯುವ ಮುಂಚೆ ರೊಟ್ಟಿಯನ್ನು ಬೆಳಕಿಂಡಿಯ ಕಡೆ ಹಿಡಿದು ನೋಡುವಳು. ಅಂಚು ಸೀಳಿದ್ದರೆ, ನಡುವೆ ದಪ್ಪವಿದ್ದರೆ, ಒಂದು ಮಾತೂ ಆಡದೆ ಎಮ್ಮೆಯ ಮುಂದೆ ಎಸೆಯುವಳು. ನಮ್ಮವ್ವ ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು ಮತ್ತೆ ಬಡಿಯಲು ಶುರು ಮಾಡುವಳು. ಅವ್ವ ಅಫಜಲಪುರದ ಕಡೆಯವಳು, ಭೀಮಾ ದಂಡೆಯ ಊರಿನ ಹುಡುಗಿ; ಆ ಕಡೆಯ ಹೆಂಗಸರು ಬಾಯಿ ಜೋರು ಎಂದು ಹೆಸರು. ಆದರೆ ಅವ್ವ ಆ ಮನೆಯಲ್ಲಿ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಗೇ ಸೇರಿದ್ದವು. ಅಪ್ಪನಿಗೆ ಪುಂಡಿಪಲ್ಯ ಮತ್ತು ರೊಟ್ಟಿ ಸಿಕ್ಕರೆ ಜಗತ್ತಿನ ಮೇಲೆ ಯಾವ ತಕರಾರೂ ಇರಲಿಲ್ಲ.

ಅವ್ವ ನಗುತ್ತಿದ್ದದ್ದು ಮಡ್ಡಿಯ ಮೇಲೆ ಮಾತ್ರ. ಊರ ಹಿಂದೆ ಕಪ್ಪು ಹೊಲ ಮುಗಿದು ಕೆಂಪು ಕಲ್ಲಿನ ನೆಲ ಏರುವಲ್ಲಿ ನಮ್ಮದೊಂದು ಹುಲ್ಲಿನ ಮಡ್ಡಿ ಇತ್ತು. ತೊಗರಿಗೂ ಬಾರದ, ಜೋಳಕ್ಕೂ ಬಾರದ ಎತ್ತರದ ಜಾಗ. ಮಳೆ ಮುಗಿದ ಮೇಲೆ ಹುಲ್ಲು ಮೊಣಕಾಲೆತ್ತರ ನಿಂತು ಹೊಂಬಣ್ಣಕ್ಕೆ ತಿರುಗುತ್ತಿತ್ತು. ನಾವಿಬ್ಬರೂ ಕುಡುಗೋಲು ಹಿಡಿದು ಹೋಗುತ್ತಿದ್ದೆವು. ಅವ್ವ ತೆಂಕಣ ದಿಕ್ಕಿಗೆ ಕೈ ತೋರಿಸಿ “ಅಗಾ ಅಲ್ಲಿ ನಮ್ಮ ಹೊಳಿ” ಎನ್ನುತ್ತಿದ್ದಳು. ಅಲ್ಲಿಂದ ಯಾವ ಹೊಳೆಯೂ ಕಾಣುತ್ತಿರಲಿಲ್ಲ. ನಾನು ಪಾತರಗಿತ್ತಿ ಹಿಡಿಯುತ್ತಿದ್ದೆ. ಆ ಮಡ್ಡಿಯಲ್ಲಿದ್ದದ್ದು ಒಂದೇ ಜಾತಿ, ಹೆಬ್ಬೆರಳ ಉಗುರಿನಷ್ಟು ಸಣ್ಣದು. ರೆಕ್ಕೆ ಮುಚ್ಚಿದರೆ ಒಲೆಯ ಬೂದಿಯ ಬಣ್ಣ, ತೆರೆದರೆ ಒಂದು ಗಳಿಗೆ ಮಂಕು ನೀಲಿ. ಹಿಂದಿನ ರೆಕ್ಕೆಯ ತುದಿಗೆ ಕೂದಲೆಳೆಯಂಥ ಬಾಲ, ಬಾಲದ ಬುಡದಲ್ಲಿ ಎರಡು ಕಪ್ಪು ಚುಕ್ಕೆ, ಥೇಟು ಕಣ್ಣು. ಹಕ್ಕಿ ಕುಕ್ಕಿದರೆ ತಲೆ ತಪ್ಪಿ ಬಾಲಕ್ಕೆ ಕುಕ್ಕಲಿ ಎಂದು ಈ ಸುಳ್ಳು ಕಣ್ಣು ಎಂಬುದನ್ನು ನಾನು ಮುಂದೆ ವಿಜ್ಞಾನದ ಮೇಡಂ ಆದ ಮೇಲೆ ಓದಿದೆ. ಆಗ ಗೊತ್ತಿದ್ದದ್ದು ಇಷ್ಟೇ: ನಾನು ಹಿಂದಿನಿಂದ ಕಳ್ಳ ಹೆಜ್ಜೆ ಇಟ್ಟು ಹೋದರೂ ಅದು ನನ್ನನ್ನೇ ನೋಡುತ್ತಿತ್ತು. ಹಿಡಿದದ್ದನ್ನು ಖಾಲಿ ಕಡ್ಡಿಪೆಟ್ಟಿಗೆಯಲ್ಲಿ ಹಾಕಿ ಕಿವಿಗೆ ಇಟ್ಟುಕೊಂಡರೆ ಒಳಗೆ ಯಾರೋ ಪಿಸುಗುಟ್ಟಿದಂತೆ ಕೇಳುತ್ತಿತ್ತು.

ನಾನು ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ನಮ್ಮೂರ ಸಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಕಲಿಯಬೇಕೆಂದರೆ ಆಳಂದಕ್ಕೆ ಹೋಗಿ ಹಾಸ್ಟೆಲಿನಲ್ಲಿ ಇರಬೇಕು. ಆ ದಸರೆಗೆ ಅಪ್ಪನ ತಂಗಿ, ಜೇವರ್ಗಿ ಕಡೆಯ ಕೊಳಕೂರಿಗೆ ಕೊಟ್ಟಿದ್ದ ಅತ್ತೆ, ತವರಿಗೆ ಬಂದಳು. ಅವಳನ್ನು ನಾನು ಕೊಳಕೂರತ್ತೆ ಎನ್ನುತ್ತಿದ್ದೆ. ಅವಳ ಮಗ ಮಲ್ಲುಗೆ ನನ್ನನ್ನು ಕೇಳಿದಳು. ಆಯಿ ನನ್ನನ್ನು ಕೇಳಲಿಲ್ಲ, ಅವ್ವನನ್ನು ಕೇಳಲಿಲ್ಲ, ಅಪ್ಪನನ್ನೂ ಕೇಳಲಿಲ್ಲ.

“ಕೊಟ್ಟೆ ತಗೊ. ಬ್ಯಾಸಗಿಗಿ ಲಗ್ನಾ. ಸಾಲಿ ಕಲತು ಈಕಿ ಯಾರ ಮನಿ ಬೆಳಗಬೇಕಾಗ್ಯಾದ?”

ಅವ್ವನ ಕೈಯಲ್ಲಿದ್ದ ರೊಟ್ಟಿ ಅವತ್ತು ಹೆಂಚಿನ ಮೇಲೇ ಹೊತ್ತಿತು. ಮಾತು ಕೊಟ್ಟು ವಾರವಾಗಿರಲಿಲ್ಲ, ಸೀಗಿ ಹುಣ್ಣಿಮೆಯ ಮುಂಚೆ ಒಂದು ಬೆಳಿಗ್ಗೆ ಆಯಿ ಹೊರಸಿನಿಂದ ಏಳಲಿಲ್ಲ. ಗೋಡೆಗೇ ಮುಖ ಮಾಡಿಕೊಂಡಿದ್ದಳು.

ಅವಳನ್ನು ಮಡ್ಡಿಯ ಅಂಚಿನಲ್ಲಿ ಮಣ್ಣು ಮಾಡಿದರು. ನಮ್ಮಲ್ಲಿ ಆಗ ಒಂದು ಪದ್ಧತಿ ಇತ್ತು. ಮೂರನೆಯ ದಿನ ಸಂಜೆ, ಜೀವ ಹೋದ ಜಾಗದಲ್ಲಿ ಸಾಣಿಸಿದ ಜೋಳದ ಹಿಟ್ಟನ್ನು ನೆಲದ ಮೇಲೆ ತೆಳ್ಳಗೆ ಹರವಿ ಬುಟ್ಟಿ ಬೋರಲು ಹಾಕುತ್ತಾರೆ. ಬೆಳಿಗ್ಗೆ ಎತ್ತಿ ನೋಡಿದರೆ ಹಿಟ್ಟಿನಲ್ಲಿ ಗುರುತು ಮೂಡಿರುತ್ತದೆ: ಹಕ್ಕಿಯ ಕಾಲೋ, ಹಾವಿನ ಗೆರೆಯೋ, ಎಳೆಗೂಸಿನ ಹೆಜ್ಜೆಯೋ. ಸತ್ತವರು ಏನಾಗಿ ಹುಟ್ಟಿದರು ಎಂದು ಅದರಿಂದ ತಿಳಿಯುತ್ತದೆ. ಹಿಟ್ಟು ಹರವಿದ ಆ ಸಂಜೆ ಹೆಂಗಸರ ಜೊತೆ ನಾನೂ ಆಯಿಯನ್ನು ಹೂತ ಮಣ್ಣಿಗೆ ನೀರು ಹಾಕಲು ಹೋಗಿದ್ದೆ. ರೂಢಿಯ ಕೈ ಸುಮ್ಮನಿರಲಿಲ್ಲ. ಒಂದು ಬೂದಿ ಪಾತರಗಿತ್ತಿಯನ್ನು ಹಿಡಿದು ಪೆಟ್ಟಿಗೆಗೆ ಹಾಕಿ ಲಂಗದ ಜೇಬಿಗೆ ಇಳಿಸಿದ್ದೆ. ಮನೆಗೆ ಬಂದರೆ ಬಾಗಿಲಲ್ಲಿ ಕೊಳಕೂರತ್ತೆ ಒಬ್ಬೊಬ್ಬರ ಉಡಿ ಝಾಡಿಸುತ್ತ ನಿಂತಿದ್ದಳು. ಮಣ್ಣು ಕೊಟ್ಟ ಜಾಗದಿಂದ ಒಂದು ಹುಲ್ಲುಕಡ್ಡಿಯೂ ಒಳಗೆ ಬರಬಾರದು, ಬಂದರೆ ಅದರ ಬೆನ್ನಿಗೆ ಸತ್ತವರೂ ಬರುತ್ತಾರೆ. ನಾನು ಜೇಬಿನ ಮೇಲೆ ಕೈ ಮುಚ್ಚಿಕೊಂಡೆ. ಎಮ್ಮೆಯ ಹಿಂದಿನಿಂದ ನುಸುಳಿ ಒಳಗೆ ಬಂದೆ. ನಡುಮನೆಯಲ್ಲಿ ಯಾರೂ ಇರಲಿಲ್ಲ. ಕೈಗೆ ಸಿಕ್ಕ ಮುಚ್ಚಿದ ಜಾಗ ಅದೊಂದೇ. ಬುಟ್ಟಿಯ ಅಂಚು ಎತ್ತಿ, ಪೆಟ್ಟಿಗೆ ತೆರೆದು, ಆ ಹುಳವನ್ನು ಒಳಗೆ ಜಾಡಿಸಿ ಬಿಟ್ಟೆ. ಪೆಟ್ಟಿಗೆ ಒಲೆಗೆ ಹೋಯಿತು. ಬುಟ್ಟಿಯ ಕೆಳಗೆ ಏನಿದೆ, ಯಾಕಿದೆ ಎಂದು ಆಗ ನಾನು ಯೋಚಿಸಲಿಲ್ಲ. ಯೋಚಿಸಿದ್ದು ಮರುದಿನ ಬೆಳಿಗ್ಗೆ, ಓಣಿಯ ಹಿರಿಯರೆಲ್ಲ ಬಂದು ಕೂತ ಮೇಲೆ.

ಬುಟ್ಟಿ ಎತ್ತಿದ್ದು ಕೊಳಕೂರತ್ತೆ. ಹಿಟ್ಟಿನ ಮೇಲೆ ಸೂಜಿಯಿಂದ ಗೀಚಿದಂಥ ಕಾಲಿನ ಸಾಲು, ಅಲ್ಲಲ್ಲಿ ಬೀಸಣಿಕೆ ಒತ್ತಿದಂಥ ಎರಡೆರಡು ಗುರುತು. ಎಲ್ಲರೂ ಬಗ್ಗಿ ನೋಡುತ್ತಿರುವಾಗಲೇ ಬುಟ್ಟಿಯ ಒಳಮೈಯಿಂದ ಅದು ಎದ್ದಿತು. ಮೈಗೆಲ್ಲ ಹಿಟ್ಟು ಮೆತ್ತಿ ಬೆಳ್ಳಗಾಗಿತ್ತು. ಅತ್ತೆಯ ತಲೆಯ ಸುತ್ತ ಒಂದು ಸುತ್ತು ಬಂದು, ಬಿಸಿಲು ಇಳಿಯುವ ದಾರಿಯಲ್ಲೇ ಮೇಲೇರಿ ಬೆಳಕಿಂಡಿಯಿಂದ ಹೊರಗೆ ಹೋಯಿತು. ಎಲ್ಲರ ತಲೆಯೂ ಅದರ ಹಿಂದೆಯೇ ಮೇಲಕ್ಕೆ ಹೊರಳಿತು. ಎಮ್ಮೆ ಕೂಡ ಮೆಲುಕು ಹಾಕುವುದನ್ನು ನಿಲ್ಲಿಸಿತ್ತು ಎಂದು ಅಪ್ಪ ಕೊನೆಯ ತನಕ ಹೇಳುತ್ತಿದ್ದ. ಆಮೇಲೆ ಓಣಿಯ ಮುದುಕಿಯೊಬ್ಬಳು ಕೈ ಮುಗಿದಳು.

“ಬೆನ್ನಾಗ ಕಣ್ಣಿದ್ದಾಕಿ, ಬೆನ್ನಾಗ ಕಣ್ಣಿದ್ದ ಹುಳಾನೇ ಆದ್ಳು ನೋಡ್ರಿ.”

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಚರ್ಮ ಸುಲಿಯುತ್ತಿದ್ದರು. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು: ನಾನು ತಂದದ್ದು ಬರೀ ಹುಳವೋ, ಅಥವಾ ಅತ್ತೆ ಹೇಳಿದಂತೆ ಅದರ ಬೆನ್ನಿಗೆ ಬಂದವಳೋ ಎಂಬುದು ನನಗೂ ಖಾತ್ರಿ ಇರಲಿಲ್ಲ.

ಹಿರಿಯರು ಹೇಳಿದರು, ಮಡ್ಡಿಯ ಹುಲ್ಲು ಇನ್ನು ಮುಂದೆ ಕೊಯ್ಯಬಾರದು, ಸುಡಬಾರದು. ಸೊಸೆಯಾದವಳು ದಿನಾ ಸಂಜೆ ಒಂದು ತುಂಡು ರೊಟ್ಟಿ ಒಯ್ದು ಅಲ್ಲಿ ಇಟ್ಟು ಬರಬೇಕು. ಬದುಕಿದ್ದಾಗ ಸಾಲದ್ದಕ್ಕೆ ಸತ್ತ ಮೇಲೂ ಅವ್ವನೇ ರೊಟ್ಟಿ ಬಡಿದು ಆಯಿಗೆ ಹೊತ್ತಳು. ನನ್ನ ಒಂದು ಕಡ್ಡಿಪೆಟ್ಟಿಗೆಯಿಂದ ಅವ್ವನ ನಗುವ ಜಾಗವೂ ಹೋಯಿತು. ಹದಿನೈದು ದಿನ ಅವ್ವ ಹೋಗಿ ಸುಮ್ಮನೆ ಬಂದಳು. ಒಂದು ಸಂಜೆ ಬಂದವಳು ಕಾಲು ತೊಳೆಯದೆ ನಡುಮನೆಯಲ್ಲಿ, ಆ ಪೊಳ್ಳು ನೆಲದ ಮೇಲೆ ನಿಂತು ಅಪ್ಪನಿಗೆ ಹೇಳಿದಳು.

“ಹಗೇವಿನ್ಯಾಗ ನೀರ ಇಳದದಂತ. ಬಾಯಿ ತಗೀರಿ ಅಂದ್ರು ಅತ್ತ್ಯಾರು.”

ಅಪ್ಪ ಬೆಪ್ಪಾಗಿ ನೋಡಿದ. ಮರುದಿನ ಚಪ್ಪಡಿ ಸರಿಸಿದರೆ ಒಳಗಿಂದ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಪಡುವಣ ಗೋಡೆಗೆ ಹತ್ತಿದ ಜೋಳ ನೆನೆದು ಆ ಕತ್ತಲಲ್ಲೇ ಮೊಳೆತಿತ್ತು. ಬಿಸಿಲು ಕಾಣದ ಬಿಳೀ ಮೊಳಕೆಗಳು ಎಲ್ಲವೂ ಒಂದೇ ಕಡೆಗೆ, ಆಯಿಯ ಹೊರಸಿದ್ದ ಕಡೆಗೆ ಬಾಗಿದ್ದವು. ಅವತ್ತಿನಿಂದ ಅಪ್ಪ ಸಂಜೆಯಾದರೆ ಅವ್ವನ ದಾರಿ ಕಾಯತೊಡಗಿದ. ಎಮ್ಮೆ ಮಾರುವುದು ಬೇಡ ಅಂದಳು ಆಯಿ, ಮಾರಲಿಲ್ಲ. ಬದುವಿನ ಹೊಲಕ್ಕೆ ಕಡಲೆ ಹಾಕಿ ಅಂದಳು; ಹಾಕಿದರು. ಅವ್ವ ಹೇಳುವಾಗ ಅವಳ ದನಿ ತಗ್ಗಿ, ಗಂಟಲು ಒಣಗಿ, ಆಯಿಯ ದನಿಗೆ ಹತ್ತಿರ ಬರುತ್ತಿತ್ತು. ಎಳ್ಳಮವಾಸ್ಯೆಯ ಹೊತ್ತಿಗೆ ಅವ್ವ ಹೊಸ್ತಿಲ ಮೇಲೆ ಕೂತು ಮೊದಲ ರೊಟ್ಟಿ ಮುರಿಯುತ್ತಿದ್ದಳು. ಮುರಿಯುವ ಮುಂಚೆ ಬೆಳಕಿಂಡಿಯ ಕಡೆ ಹಿಡಿದು ನೋಡುತ್ತಿದ್ದಳು.

ಒಂದು ಸಂಜೆ ನಾನು ಅವಳಿಗೆ ಗೊತ್ತಾಗದಂತೆ ಹಿಂದೆ ಹೋದೆ. ಹೊತ್ತು ಮುಳುಗುತ್ತಿತ್ತು. ಕೊಯ್ಯದೆ ಬಿಟ್ಟ ಹುಲ್ಲು ನನ್ನ ಸೊಂಟದ ತನಕ ಬಂದಿತ್ತು. ಅವ್ವ ಅದರ ನಡುವೆ ನನಗೆ ಬೆನ್ನು ಮಾಡಿ ಕೂತಿದ್ದಳು. ಮೊದಲು ನನಗೆ ಹುಲ್ಲಿನ ತೆನೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ ಅನಿಸಿತು. ಹತ್ತಿರ ಹೋದರೆ ಒಂದೊಂದು ಕಡ್ಡಿಗೂ ನಾಲ್ಕು, ಐದು, ಆರು ಪಾತರಗಿತ್ತಿಗಳು, ತಲೆ ಕೆಳಗೆ ಮಾಡಿ, ಆ ಎರಡು ಕಣ್ಣು ಮೇಲೆ ಮಾಡಿ ಮಲಗಿದ್ದವು. ಮಡ್ಡಿಯ ತುಂಬ. ಅವ್ವ ಪಿಸುದನಿಯಲ್ಲಿ ಏನೋ ಹೇಳುವಳು, ನಿಲ್ಲಿಸುವಳು, ಕಿವಿ ಓರೆ ಮಾಡುವಳು, “ಹೂಂ ರಿ” ಎನ್ನುವಳು. ಗಾಳಿ ಇರಲಿಲ್ಲ. ಆದರೂ ಅವ್ವ “ಹೂಂ ರಿ” ಅಂದಾಗ ಆ ಮಡ್ಡಿ ಪೂರಾ ಒಮ್ಮೆಲೇ ರೆಕ್ಕೆ ತೆರೆಯಿತು. ನೀಲಿಯಾಯಿತು. ಮತ್ತೆ ಬೂದಿಯಾಯಿತು. ಅವ್ವ ತಿರುಗದೆಯೇ ಹೇಳಿದಳು.

“ಕಮಲಿ, ಯಾಕ ಬಂದಿ ಬೇ? ಮನಿಗಿ ನಡಿ.”

ಮನೆಯ ತನಕ ಹೇಗೆ ಬಂದೆನೋ ನನಗೆ ನೆನಪಿಲ್ಲ.

ಎಳ್ಳಮವಾಸ್ಯೆ ಕಳೆದು ನಾಲ್ಕನೆಯ ದಿನ ಕೊಳಕೂರತ್ತೆ ಸೀರೆ, ಸಕ್ಕರೆ, ಕೊಬ್ಬರಿ ಕಟ್ಟಿಕೊಂಡು ನಿಶ್ಚಯಕ್ಕೆ ಬಂದಳು. ನಾನು ಕೊಟ್ಟಿಗೆಯಲ್ಲಿ ಎಮ್ಮೆಯ ಕೊರಳು ಹಿಡಿದು ಅತ್ತುಬಿಟ್ಟೆ. ಆಳಂದದ ಸಾಲೆಗೆ ಹೋಗುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ಅಪ್ಪ ಮಗಳನ್ನೂ ನೋಡಿದ, ತಂಗಿಯನ್ನೂ ನೋಡಿದ, ತಪ್ಪಿಸಿಕೊಳ್ಳುವ ದಾರಿ ಅವನಿಗೆ ಸಿಕ್ಕಿತು.

“ಮಾತ ಕೊಟ್ಟಾಕಿ ಹಡದವ್ವ. ಇನ್ನೊಮ್ಮಿ ಕೇಳಿಬಿಡೋಣು. ಸಂಜೀಕ ಹೋಗಿ ಕೇಳಿ ಬರ್ತಾಳ ಈಕಿ” ಎಂದು ಅವ್ವನ ಕಡೆ ಕೈ ತೋರಿಸಿದ.

ಅತ್ತೆಗೆ ಅನುಮಾನವೇ ಇರಲಿಲ್ಲ, ಸ್ವಂತ ತಾಯಿ ಮಾತು ತಪ್ಪುತ್ತಾಳೆಯೇ. ಅವಳೂ ಜೊತೆಗೆ ಹೊರಟಳು, ಆದರೆ ಮಡ್ಡಿಯ ಅಂಚಿನಲ್ಲಿ ಅವಳ ಕಾಲು ನಿಂತುಬಿಟ್ಟವು. ಅವ್ವ ಒಬ್ಬಳೇ ಹುಲ್ಲಿನೊಳಗೆ ಹೋದಳು. ಅವತ್ತು ಬಹಳ ಹೊತ್ತು ಹಿಡಿಯಿತು. ಮನೆಗೆ ಬಂದಾಗ ಅವ್ವನ ಮುಖ ಸುಣ್ಣ ಬಳಿದ ಗೋಡೆಯಂತಿತ್ತು. ಪೊಳ್ಳು ನೆಲದ ಮೇಲೆ ನಿಲ್ಲಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು.

“ಬ್ಯಾಡ ಅಂದಾರ. ಹುಡುಗಿ ಆಳಂದಕ್ಕ ಹೋಗಿ ಕಲೀಲಿ ಅಂದಾರ. ನೀನೂ ಇನ್ನ ಬರಬ್ಯಾಡ ಅಂತ ನನಗ ಅಂದಾರ.”

ಅತ್ತೆ ಅತ್ತಳು, ಎದೆ ಬಡಿದುಕೊಂಡಳು, ಸೀರೆಯ ಗಂಟು ಎತ್ತಿಕೊಂಡು ಹೋದಳು. ನಾನು ಮುಂಗಾರಿಗೆ ಆಳಂದದ ಸಾಲೆ ಸೇರಿದೆ. ಅವ್ವ ಮತ್ತೆಂದೂ ಮಡ್ಡಿ ಹತ್ತಲಿಲ್ಲ. ಹೊಸ್ತಿಲ ಮೇಲೆ ಕೂಡುವುದನ್ನೂ ಬಿಟ್ಟಳು. ಆಳು ಕರೆಸಿ ಬೆಳಕಿಂಡಿಗೆ ಕಲ್ಲು ಮುಚ್ಚಿಸಿದಳು. ಸೂಟಿಯಲ್ಲಿ ಊರಿಗೆ ಬಂದಾಗ ಹಗಲಲ್ಲೂ ಚಿಮಣಿ ಹಚ್ಚಿದ ಮನೆ ನೋಡಿ ನನಗೆ ಸಿಟ್ಟು ಬರುತ್ತಿತ್ತು. ಉಳಿದಂತೆ ನಾನು ಖುಷಿಯಾಗಿದ್ದೆ. ಎಂಥ ಹೆಂಗಸು ನಮ್ಮವ್ವ ಎಂದು ಹೆಮ್ಮೆ ಪಟ್ಟೆ. ಮಗಳು ತಿಳಿಯದೆ ತಂದ ಹುಳವನ್ನು ಹಿಡಿದುಕೊಂಡು, ಸತ್ತ ಅತ್ತೆಯ ಬಾಯಿಂದ ತನಗೆ ಬೇಕಾದ ಮಾತು ಆಡಿಸಿದಳು. ಅಡುಗೆ ಮನೆಯಲ್ಲೇ ಇದ್ದವಳಿಗೆ ಹಗೇವಿನ ಮುಗ್ಗಲು ವಾಸನೆ ಮೊದಲೇ ಬಂದಿರಬೇಕು. ಟೀಚರ್ಸ್ ರೂಮಿನಲ್ಲಿ ಚಹಾ ಕುಡಿಯುತ್ತ ಈ ಕತೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ಅಪ್ಪ ಹೋದ ಮೇಲೆ ಅವ್ವ ಆಳಂದದಲ್ಲಿ ನನ್ನ ಜೊತೆಗೇ ಇದ್ದಾಳೆ. ಹೊತ್ತು ಮುಳುಗುವ ಮುಂಚೆ ಒಂದೊಂದೇ ಕಿಟಕಿ ಮುಚ್ಚುತ್ತ ಬರುವುದು ಅವಳ ಕೆಲಸ. “ಸೊಳ್ಳಿ ಬರ್ತಾವ” ಎನ್ನುತ್ತಾಳೆ. ಬೇಸಿಗೆಯಲ್ಲೂ ಬಿಡುವುದಿಲ್ಲ, ನಾವು ಬೆವರಿನಲ್ಲಿ ಮಲಗುತ್ತೇವೆ. ಹೋದ ವರ್ಷ ಮಳೆ ಮುಗಿದ ಮೇಲೆ ನಾನು ಕುಂಡದಲ್ಲಿ ಹಾಕಿದ್ದ ಅಲಸಂದಿ ಬಳ್ಳಿಗೆ ಒಂದು ಬೂದಿ ಪಾತರಗಿತ್ತಿ ಬಂದು ಕೂತಿತು. ಅವ್ವ ಅಲ್ಲೇ ತೊಗರಿಬೇಳೆಯ ಹಳ್ಳು ಆರಿಸುತ್ತಿದ್ದಳು.

“ಅವ್ವಾ, ಆಯಿ ಬಂದಾಳ ನೋಡು” ಎಂದು ಚಾಷ್ಟಿ ಮಾಡಿದೆ.

ಅವ್ವನ ಕೈಯಿಂದ ಮೊರ ಜಾರಿ ಬೇಳೆ ಚೆಲ್ಲಿತು. ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ನಗಬ್ಯಾಡ. ನಾ ಅವರಿಗಿ ಮೋಸಾ ಮಾಡೇನಿ.”

“ಮೋಸ ಏನ್ ಬಂತವ್ವಾ? ನಿನಗ ತಿಳಿದದ್ದು ಹೇಳಿದಿ, ಎಲ್ಲಾರೂ ನಂಬಿದ್ರು.”

“ನನಗ ತಿಳದದ್ದಾ?” ಅವ್ವ ನನ್ನನ್ನು ಗುರುತು ಸಿಗದವರಂತೆ ನೋಡಿದಳು. “ಹಗೇವಿಂದು ಅವರೇ ಹೇಳಿದ್ದು. ಎಮ್ಮಿದೂ ಅವರೇ ಹೇಳಿದ್ದು. ಅವರ ಮಾತಿನ್ಯಾಗ ನಾ ಒಂದಕ್ಷರ ತಿದ್ದಿಲ್ಲ. ಒಂದೇ ಸಲ ತಿದ್ದೇನಿ. ಅವತ್ತ ಅವರು ಲಗ್ನಾ ಮಾಡ್ರಿ ಅಂದ್ರು. ಮೂರು ಸಲ ಅಂದ್ರು. ನಾ ಬ್ಯಾಡಂದಾರ ಅಂತ ಬಂದು ಹೇಳಿದೆ. ಅವತ್ತಿಂದ ನನ್ನ ಹುಡಕಾಕತ್ತಾರ.”

ಇಷ್ಟು ವರ್ಷ ಮುಚ್ಚಿದ ಕಿಟಕಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಸೊಳ್ಳೆಗಲ್ಲ. ಜಾಣತನ ಎಂದು ನಾನು ನಗುತ್ತಿದ್ದದ್ದು ಅವಳ ಬದುಕಿನ ದೊಡ್ಡ ಭಯವಾಗಿತ್ತು, ಆ ಭಯವನ್ನು ಅವಳು ನನ್ನ ಸಲುವಾಗಿ ತಲೆ ಮೇಲೆ ಎಳೆದುಕೊಂಡಿದ್ದಳು. ಕಡ್ಡಿಪೆಟ್ಟಿಗೆಯ ವಿಷಯ ಅಂದೇ ಹೇಳಿದ್ದರೆ ಅವಳು ಯಾರಿಗೂ ಅಂಜಬೇಕಾಗಿರಲಿಲ್ಲ. ಆದರೆ ಹೇಳಿದ್ದರೆ ನಾನು ಕೊಳಕೂರಿನಲ್ಲಿರುತ್ತಿದ್ದೆ. ಅದು ಗೊತ್ತಿದ್ದೇ ಸುಮ್ಮನಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಮೊದಲ ದಿನ ಹೆದರಿಕೆಯಿಂದ, ಆಮೇಲೆಲ್ಲ ಸ್ವಾರ್ಥದಿಂದ. ಅವ್ವನ ಕಾಲ ಹತ್ತಿರ ಕೂತು ಎಲ್ಲ ಹೇಳಿದೆ: ಜೇಬು, ಪೆಟ್ಟಿಗೆ, ಬುಟ್ಟಿಯ ಅಂಚು. ಹೇಳಿ ಮುಗಿದರೆ ಅವಳ ಮೈ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವ್ವ ಕಿಟಕಿಯ ಚಿಲಕ ಇನ್ನೊಮ್ಮೆ ಒತ್ತಿ ನೋಡಿದಳು.

“ಹುಳಾ ನೀ ಬಿಟ್ಟಿ. ಖರೇ. ಮತ್ತ ಮಾತಾಡಿದ್ದು ಯಾರವ್ವಾ?”

ಅಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನನ್ನ ಹತ್ತಿರ ಒಂದು ಉತ್ತರ ಇತ್ತು. ಅವಳ ಮುಖ ನೋಡಿ ಅದನ್ನು ಹೇಳುವ ಮನಸ್ಸಾಗಲಿಲ್ಲ.

“ನನ್ನ ಕಾಲು ಮಡ್ಡಿ ಹತ್ತಂಗಿಲ್ಲ ಈಗ,” ಅಂದಳು ಅವ್ವ. “ನೀ ಹೋಗಿ ಹೇಳಿ ಬಾ. ನಮ್ಮವ್ವ ಸುಳ್ಳು ಹೇಳಿದ್ದು ನನ್ನ ಸಲುವಾಗಿ, ಸಿಟ್ಟ ನನ್ನ ಮ್ಯಾಲ ಮಾಡ್ರಿ ಅಂತ.”

ಆ ಭಾನುವಾರ ಅವಳೇ ಬಡಿದ ರೊಟ್ಟಿ ಕಟ್ಟಿಕೊಂಡು ಊರ ಬಸ್ಸು ಹತ್ತಿದೆ. ಸುತ್ತಲಿನ ಹೊಲವೆಲ್ಲ ಅಂಚಿನ ತನಕ ತೊಗರಿಯಾಗಿದೆ, ಮಡ್ಡಿ ಮಾತ್ರ ಹಾಗೇ ಇದೆ. ಅದು ಉಳಿದದ್ದು ನನ್ನ ಕಡ್ಡಿಪೆಟ್ಟಿಗೆಯಿಂದ. ಹೊತ್ತು ಮುಳುಗುವಾಗ ಹುಲ್ಲಿನೊಳಗೆ ಹೋಗಿ ರೊಟ್ಟಿ ಇಟ್ಟೆ. ಅವು ಕಡ್ಡಿಕಡ್ಡಿಗೂ ತಲೆ ಕೆಳಗಾಗಿ ಮಲಗಿದ್ದವು. ಅವ್ವ ಹೇಳಿಕೊಟ್ಟದ್ದನ್ನು ಜೋರಾಗಿ ಹೇಳಿದೆ, ಸಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಮೆಲ್ಲಗೆ ಹೇಳುವ ಧೈರ್ಯ ಇರಲಿಲ್ಲ. ಹೇಳಿ ಮುಗಿದ ಮೇಲೂ ನಾನು ಅಲ್ಲಿಂದ ಹೊರಡಲಿಲ್ಲ. ಉತ್ತರಕ್ಕೆ ಕಾಯುತ್ತಿದ್ದೇನೆ ಎಂದು ಆಗ ಗೊತ್ತಾಯಿತು. ಗಾಳಿ ಇಲ್ಲದ ಆ ಹೊತ್ತಿನಲ್ಲಿ ಮಡ್ಡಿಯೆಲ್ಲ ಒಮ್ಮೆ ನೀಲಿಯಾಗಿ ಮುಚ್ಚಿಕೊಂಡಿತು. ಬೇರೇನೂ ಕೇಳಲಿಲ್ಲ. ಇಳಿಯುವಾಗ ಅದಕ್ಕೆ ಬೆನ್ನು ಮಾಡಲಾಗದೆ ಸುಮಾರು ದೂರ ಹಿಂದಿಂದಕ್ಕೇ ನಡೆದೆ.

ಆಳಂದದ ಮನೆಗೆ ಬಂದರೆ ಅವ್ವ ಕಿಟಕಿಗಳನ್ನೆಲ್ಲ ಮುಚ್ಚಿ, ಹೊಸ್ತಿಲ ಹತ್ತಿರ ಕೂತು ಕಾಯುತ್ತಿದ್ದಳು.

“ಏನಂದ್ರು?”

ನಾನು ಕಾಲು ತೊಳೆಯದೆ ಬಾಗಿಲಲ್ಲೇ ನಿಂತು ಸುಳ್ಳು ಹೇಳಿದೆ.

“ಹೋಗ್ಲಿ ಬಿಡು ಅಂದ್ರವ್ವಾ. ಹುಡುಗಿ ಕಲತದ್ದು ಛಲೋ ಆತು, ಸೊಸಿಗಿ ಇನ್ನ ಅಂಜಬ್ಯಾಡ ಅಂತ ಹೇಳು ಅಂದ್ರು.”

ಅವ್ವ ನನ್ನ ಮುಖವನ್ನೇ ನೋಡಿದಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದಳು.

“ಮುದಿಕಿ ಇಷ್ಟ ಮೆತ್ತಗ ಮಾತಾಡಾಕಿ ಅಲ್ಲ,” ಅಂದಳು. ಆಮೇಲೆ ಮುಂದಿದ್ದ ರೊಟ್ಟಿ ಮುರಿದು ಮೊದಲ ತುಂಡು ನನ್ನ ಕೈಗೆ ಕೊಟ್ಟಳು.

“ಕಿಟಕಿ ತಗಿ ಬೇ ಕಮಲಿ. ಶಕಿ ಆಗಾಕತ್ತದ.”